ಹಿತ್ತಲದಾಗ ಹಳೇ ಯೆಜ್ಡಿ



“ಮಗ ಹಳೇ ಯೆಜ್ಡಿ ಬಿಚ್ಚಿಕೊಂಡು ಕುಂತಾನ್ರೀ ಅಕ್ಕಾರ, ರೇಸಿನ ಟ್ರ್ಯಾಕಿನ್ಯಾಗ ಓಡಸ್ತಾನಂತ!” ಎಂದು ಧಾರವಾಡದ ಓದುಗಿಯೊಬ್ಬರ ಅಳಲು. ಹೆದರಬೇಡಿ, ಆದರೆ ಸುಮ್ಮನೂ ಕೂಡಬೇಡಿ.

ಅದು 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಗಾಡಿ. ಪೆಟ್ರೋಲಿಗೆ ಎಂಜಿನ್ ಎಣ್ಣೆ ಬೆರೆಸಲು ಮರೆತರೆ ಎಂಜಿನ್ ಬಿಗಿದು, ಓಡುವಾಗಲೇ ಹಿಂದಿನ ಗಾಲಿ ನಿಂತೀತು. ಟೈರಿನ ಮಗ್ಗುಲಿನ ನಾಲ್ಕು ಅಂಕಿ ನೀವೇ ಓದಿರಿ: 2312 ಎಂದರೆ 2012ರ 23ನೇ ವಾರದ್ದು. ಹಳತಾದ ರಬ್ಬರು ಕಡಕ್ ರೊಟ್ಟಿಯಂತಾಗಿ ಜಾರುತ್ತದೆ, ಬದಲಿಸಲೇಬೇಕು.

ಬ್ರೇಕು, ಕೇಬಲ್ಲು, ಚೈನು ಮೊದಲು, ಬಣ್ಣ ಕಡೆಗೆ. ಒಳ್ಳೇ ಹೆಲ್ಮೆಟ್ ನೀವೇ ಕೊಡಿಸಿರಿ. “ವೇಗ ಟ್ರ್ಯಾಕಿಗಷ್ಟೇ, ಹುಬ್ಬಳ್ಳಿ-ಧಾರವಾಡ ರಸ್ತೆಗಲ್ಲ” ಎಂದು ಅವನಿಂದ ಮಾತು ತಗೊಳ್ಳಿರಿ.