ಇಲ್ಲದವರ ನಂಟು

ಬೆಳಗಾವಿಯ ಟಿಳಕವಾಡಿಯಲ್ಲಿ ಸ್ನೇಹಿತರೊಬ್ಬರ ಮನೆ, ರಾತ್ರಿ ಊಟಕ್ಕೆ ಮುಂಚಿನ ಹೊತ್ತು. ಟಿವಿ ಧಾರಾವಾಹಿಯಲ್ಲಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದ್ದರು. ಮಳೆ ಬೇರೆ ಸುರಿಯುತ್ತಿತ್ತು. ಸೊಸೆ ಹೊರಬೀಳುವ ದಿನ ಧಾರಾವಾಹಿಗಳಲ್ಲಿ ಮಳೆ ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಸ್ನೇಹಿತರ ತಾಯಿ, ಎಂಬತ್ತು ದಾಟಿದವರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಇಂಜಿನಿಯರಿಂಗ್ ಓದುವ ಮೊಮ್ಮಗ ಮೊಬೈಲಿನಿಂದ ತಲೆ ಎತ್ತದೆ, "ಆಯಿ, ಅಕಿ ಇಲ್ಲಾ. ಅಕಿ ಆ್ಯಕ್ಟರು. ಈಗ ಬೆಂಗಳೂರಾಗ ಕುಂತು ಪಿಜ್ಜಾ ತಿನ್ನಾಕತ್ತಿರತಾಳ" ಎಂದ. ನಾವೆಲ್ಲ ನಕ್ಕೆವು. ಆಯಿ ನಗಲಿಲ್ಲ.

"ಗೊತ್ತೈತಿ ಬಿಡೋ. ನಿಮ್ಮ ಮುತ್ಯಾನೂ ಇಲ್ಲ. ಹಂಗಂತ ನಾ ಅಳಬಾರದೇನು?"

ಈ ಹುಡುಗ 2019ರಲ್ಲಿ ಸಿನಿಮಾದ ಐರನ್ ಮ್ಯಾನ್ ಸತ್ತನೆಂದು ಎರಡು ದಿನ ಸರಿಯಾಗಿ ಉಂಡಿರಲಿಲ್ಲ ಎಂಬುದನ್ನು ಅವನ ತಾಯಿ ಒಳಗಿನಿಂದಲೇ ಕೂಗಿ ನೆನಪಿಸಿದರು. ಅದು ಹಾಗಿರಲಿ. ಆಯಿಯ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. 'ಇಲ್ಲ' ಎಂಬ ನಮ್ಮ ಕನ್ನಡದ ಮಾತು ತೀರಿಹೋದವರಿಗೂ ಸಲ್ಲುತ್ತದೆ, ಹುಟ್ಟಲೇ ಇಲ್ಲದವರಿಗೂ ಸಲ್ಲುತ್ತದೆ. ಸತ್ತ ಗಂಡನೂ ಇಲ್ಲ, ಕಟ್ಟುಕಥೆಯ ಸೊಸೆಯೂ ಇಲ್ಲ. ಇದು ಭಾಷೆಯ ಬಡತನವೆಂದು ನನಗೆ ಅನ್ನಿಸುವುದಿಲ್ಲ. ಮನಸ್ಸಿನ ಒಂದು ಗುಟ್ಟನ್ನು ಭಾಷೆ ನಮಗಿಂತ ಮೊದಲೇ ಕಂಡುಕೊಂಡಿದೆ. ಎದುರಿಗಿಲ್ಲದವರನ್ನೆಲ್ಲ ನಾವು ಒಂದೇ ಕೋಣೆಯಲ್ಲಿ ಇಟ್ಟುಕೊಂಡಿರುತ್ತೇವೆ, ಮಾತಿನ ಮೂಲಕವೇ ಅವರನ್ನು ಸಾಕುತ್ತೇವೆ. ನನ್ನ ಮುತ್ತಜ್ಜಿಯನ್ನು ನಾನು ನೋಡಿಲ್ಲ. ಬರಗಾಲದಲ್ಲಿ ಆಕೆ ಮೂಗಿನ ನತ್ತು ಮಾರಿ ಜೋಳ ತಂದ ಕಥೆಯನ್ನು ನಮ್ಮವ್ವ ನೂರು ಸಲ ಹೇಳಿದ್ದಾಳೆ. ಆ ನತ್ತು ನೆನೆದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಆಕೆ ನನ್ನವಳಾದದ್ದು ಕೇಳಿ ಕೇಳಿಯೇ. ಕಾದಂಬರಿಯ ಪಾತ್ರವೊಂದು ನನ್ನದಾಗುವ ದಾರಿಯೂ ಇದೇ, ಬೇರೆಯಲ್ಲ.

ಕಥೆಯವರನ್ನು ಹಚ್ಚಿಕೊಳ್ಳುವವರು ಒಂಟಿಗಳು, ಬೇರೆ ಕೆಲಸವಿಲ್ಲದವರು ಎಂಬ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಹದಿನಾಲ್ಕು ಜನರ ಮನೆಯನ್ನು ನಲವತ್ತು ವರ್ಷ ನಡೆಸಿದ ಆಯಿಯ ಮುಂದೆ ಅದನ್ನು ಹೇಳಿ ನೋಡಲಿ.

ತತ್ವಶಾಸ್ತ್ರದವರ ತಕರಾರು ಬೇರೆ, ಗಟ್ಟಿಯಾದದ್ದು. ಕಾಲಿನ್ ರ‍್ಯಾಡ್‌ಫರ್ಡ್ ಎಂಬಾತ 1975ರಲ್ಲಿ ಕೇಳಿದ: ಕಾದಂಬರಿಯ ಅನ್ನಾ ಕರೆನಿನಾ ಎಂಬ ಹೆಂಗಸು ಇರಲೇ ಇಲ್ಲವೆಂದು ತಿಳಿದೂ ಆಕೆಗಾಗಿ ಮರುಗುವುದು ಹೇಗೆ? ಒಬ್ಬರ ಕಷ್ಟಕ್ಕೆ ಮರುಗಬೇಕಾದರೆ ಆ ಕಷ್ಟ ನಿಜವೆಂದು ನಂಬಬೇಕಲ್ಲ. ಆ ಕಷ್ಟ ಸುಳ್ಳೆಂದು ತಿಳಿದ ಕೂಡಲೇ ಕಣ್ಣೀರು ಆರಬೇಕು, ಆರುವುದಿಲ್ಲ. ಹಾಗಾಗಿ ಈ ಮರುಕ ಸಹಜವೇ ಆದರೂ ತರ್ಕಕ್ಕೆ ಕೂಡದ್ದು ಎಂದು ಅವನ ತೀರ್ಮಾನ. ನಮ್ಮಲ್ಲಿ ರಸದ ಬಗ್ಗೆ ಚರ್ಚಿಸಿದ ಶ್ರೀಶಂಕುಕ ಇದನ್ನು ಸಾವಿರ ವರ್ಷಕ್ಕೂ ಹಿಂದೆಯೇ ಕೈಗೆತ್ತಿಕೊಂಡಿದ್ದ. ವೇಷ ಹಾಕಿ ನಿಂತ ನಟನನ್ನು ಕಂಡು 'ಇವನು ರಾಮ' ಅನ್ನುತ್ತೇವೆ. ಆ ತಿಳಿವು ಸತ್ಯವಲ್ಲ, ಸುಳ್ಳಲ್ಲ, ಸಂದೇಹವಲ್ಲ, ರಾಮನಂತಿದ್ದಾನೆಂಬ ಹೋಲಿಕೆಯೂ ಅಲ್ಲ. ಗೋಡೆಯ ಮೇಲಿನ ಚಿತ್ರ ನೋಡಿ ಮಗು 'ಕುದುರೆ' ಅನ್ನುತ್ತದಲ್ಲ, ಅಂಥದ್ದು. ಚಿತ್ರತುರಗ ನ್ಯಾಯವೆಂದು ಇದಕ್ಕೆ ಹೆಸರು. ಮುಂದೆ ಬಂದ ಅಭಿನವಗುಪ್ತ ಶಂಕುಕನ ವಾದವನ್ನು ಒಪ್ಪಲಿಲ್ಲ. ನಟನ ಅಭಿನಯದಿಂದ ಭಾವವನ್ನು ಊಹಿಸಿಕೊಳ್ಳುವುದರಲ್ಲಿ ರಸವೆಲ್ಲಿಂದ ಬರಬೇಕು ಎಂಬುದು ಅಭಿನವಗುಪ್ತನ ಕಡೆಯವರ ಆಕ್ಷೇಪ. ವಾದದಲ್ಲಿ ಶಂಕುಕ ಸೋತನೆಂದೇ ಪಂಡಿತರ ಲೆಕ್ಕ. ಆದರೆ ಅವನ ಕುದುರೆ ನನಗೆ ಇಷ್ಟ. ಮಗು ಅದಕ್ಕೆ ಹುಲ್ಲು ಹಾಕುವುದಿಲ್ಲ; ಹಾಗೆಂದು ಯಾರಾದರೂ ಚಿತ್ರ ಹರಿದರೆ ಅಳದೆ ಇರುವುದೂ ಇಲ್ಲ.

ಸವದತ್ತಿ ತಾಲೂಕಿನ ರಂಗನಟ ಏಣಗಿ ಬಾಳಪ್ಪನವರು (1914–2017) 'ಜಗಜ್ಯೋತಿ ಬಸವೇಶ್ವರ' ನಾಟಕದಲ್ಲಿ ಬಸವಣ್ಣನಾಗಿ ನಿಂತಾಗ ಜನ ಅವರ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದರೆಂದು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಪಾಪ, ತಿಳಿಯದ ಜನ ಎಂದು ಕೆಲವರು ಅದಕ್ಕೆ ಟಿಪ್ಪಣಿ ಹಚ್ಚುತ್ತಾರೆ. ಏನು ತಿಳಿಯದ ಜನ? ಟಿಕೆಟ್ ತೆಗೆಸಿ ಒಳಗೆ ಬಂದವರು. ಕಂಪನಿಯ ಹೆಸರು ಗೊತ್ತು, ನಾಟಕ ಮುಗಿದ ಮೇಲೆ ಬಾಳಪ್ಪನವರು ಬಣ್ಣ ಒರೆಸಿಕೊಳ್ಳುತ್ತಾರೆಂದೂ ಗೊತ್ತು. ಗೊತ್ತಿದ್ದೇ ಬಗ್ಗಿದರು.

ಹೀಗೆ ಬಗ್ಗುವುದು ರಂಗದ ಮುಂದೆ ಮಾತ್ರವಲ್ಲ. ಖಾನಾಪುರ ತಾಲೂಕಿನ ನಂದಗಡಕ್ಕೆ ಹೋದವರು ಅಲ್ಲಿಯ ಆಲದ ಮರವನ್ನು ನೋಡಿರುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಬ್ರಿಟಿಷರು ಗಲ್ಲಿಗೇರಿಸಿದ್ದು ಈ ಊರಿನಲ್ಲಿ. ಅವನ ಸಮಾಧಿಯ ಮೇಲೆ ಬೆಳೆದ ಮರವೆಂದು ಜನರ ನಂಬಿಕೆ. ಮಕ್ಕಳಾಗದವರು ಬಂದು ಅದಕ್ಕೆ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಅಂಗೈಯಗಲದ ಕಟ್ಟಿಗೆಯ ತೊಟ್ಟಿಲುಗಳು. ಬಿಸಿಲಿಗೆ ಬಣ್ಣ ಹೋಗಿ ಬೂದುಬಣ್ಣಕ್ಕೆ ತಿರುಗಿದವು ಒಂದಿಷ್ಟು, ನಿನ್ನೆ ಮೊನ್ನೆ ಕಟ್ಟಿದ ಹಸಿರು ಕೆಂಪಿನವು ಒಂದಿಷ್ಟು, ಗಾಳಿ ಬಂದಾಗ ಒಂದಕ್ಕೊಂದು ತಾಗಿ ಟಕಟಕ ಅನ್ನುತ್ತವೆ. ಯೋಚಿಸಿ ನೋಡಿದರೆ ಇದು ವಿಚಿತ್ರ. ರಾಯಣ್ಣ ಕಿತ್ತೂರಿನ ಶೇತಸನದಿ (ಸೇವೆಗಾಗಿ ಹೊಲ ಪಡೆದ ಸಿಪಾಯಿ), ಗುಡ್ಡಗಾಡಿನಲ್ಲಿ ಅಡಗಿ ಕಂಪನಿ ಸರ್ಕಾರದ ಕಚೇರಿ ಸುಟ್ಟವನು. ತೊಟ್ಟಿಲಿಗೂ ಅವನಿಗೂ ಏನು ಸಂಬಂಧ?

ಇತಿಹಾಸದ ಕಾಗದಪತ್ರಗಳಲ್ಲಿ ಆ ಸಂಬಂಧ ಸಿಗುವುದಿಲ್ಲ. ಅದು ಹುಟ್ಟಿದ್ದು ಲಾವಣಿಯಲ್ಲಿ, ಗೀಗೀ ಪದದಲ್ಲಿ, ಅವ್ವಂದಿರ ಬಾಯಲ್ಲಿ. ಹಳ್ಳದಲ್ಲಿ ಸ್ನಾನಕ್ಕಿಳಿದವನನ್ನು ನಂಬಿದವರೇ ಹಿಡಿದುಕೊಟ್ಟರೆಂದು ಹಾಡುವಾಗ ದಪ್ಪು ಬಡಿಯುವವನ ಕೈ ತಡೆಯುತ್ತದೆ, ಕೇಳುವವರ ಉಸಿರೂ ತಡೆಯುತ್ತದೆ. ಅವನ ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಅವನು ಸತ್ತಾಗ ಫೋಟೊ ತೆಗೆಯುವ ಕಲೆ ಇನ್ನೂ ಲೋಕದ ಬಳಕೆಗೆ ಬಂದಿರಲಿಲ್ಲ. ಇವತ್ತು ಚೌಕಗಳಲ್ಲಿ ನಿಂತಿರುವ ಮೀಸೆಗಳೆಲ್ಲ ಶಿಲ್ಪಿಗಳವು, ಸಿನಿಮಾದವರವು. ಆ ಮನುಷ್ಯ ಇದ್ದದ್ದು ನಿಜ. ಆದರೆ ನಂದಗಡದಲ್ಲಿ ತೊಟ್ಟಿಲು ಕಟ್ಟಿಸಿಕೊಳ್ಳುವವನು ಹಾಡಿನ ರಾಯಣ್ಣ.

ಇಲ್ಲಿ ಒಂದು ಆಕ್ಷೇಪವನ್ನು ಒಪ್ಪಿಕೊಳ್ಳಲೇಬೇಕು. ಧಾರಾವಾಹಿಯ ಸೊಸೆ ಸುಳ್ಳೆಂದರೆ ಆಯಿಗೆ ನೋವಿಲ್ಲ, ರಾಯಣ್ಣ ಇರಲೇ ಇಲ್ಲವೆಂದರೆ ತೊಟ್ಟಿಲು ಕಟ್ಟಿದವಳು ಸಿಡಿದೇಳುತ್ತಾಳೆ. ಅಂದಮೇಲೆ ಎರಡೂ ಒಂದೇ ಹೇಗಾದೀತು? ನಿಜ, ಒಂದೇ ಅಲ್ಲ. ಹರಕೆ ಹೊರಲು ಆತ ಇದ್ದಿರಬೇಕು. ಹಚ್ಚಿಕೊಳ್ಳಲು ಮಾತ್ರ ಆ ದಾಖಲೆ ಬೇಡ ಎಂಬುದಷ್ಟೇ ನನ್ನ ವಾದ. ನಮ್ಮ ಜಿಲ್ಲೆಯಲ್ಲಿಯೇ ಇವೆರಡರ ನಡುವಿನ ಮೆಟ್ಟಿಲುಗಳೂ ಸಿಗುತ್ತವೆ. ಬೈಲಹೊಂಗಲದಲ್ಲಿ ನಡೆದದ್ದೆನ್ನುವ ಕೊಲೆಯೊಂದು 'ಸಂಗ್ಯಾ ಬಾಳ್ಯಾ' ಸಣ್ಣಾಟವಾಯಿತು; ಅದರಲ್ಲಿ ಗೆಳೆಯ ಸಂಗ್ಯಾನನ್ನು ಕೊಲೆಗಾರರ ಕೈಗೆ ಒಪ್ಪಿಸಿದ ಬಾಳ್ಯಾ ಇವತ್ತಿಗೂ ಬೈಸಿಕೊಳ್ಳುತ್ತಾನೆ. ನಿಜದ ಬಾಳ್ಯಾ ಎಷ್ಟು, ಆಟದ ಬಾಳ್ಯಾ ಎಷ್ಟು ಎಂದು ಬೈಯುವವನು ಲೆಕ್ಕ ಹಾಕುವುದಿಲ್ಲ. ಇನ್ನೊಂದು ಮೆಟ್ಟಿಲು ಮರಾಠಿಯದು. ಲೇಖಕ ಪು.ಲ. ದೇಶಪಾಂಡೆ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಪರಿಚಯವಾದ ಕೃಷ್ಣರಾವ್ ಹರಿಹರ ಅವರ ಬಗ್ಗೆ ಮುಂದೆ 'ರಾವಸಾಹೇಬ' ಎಂಬ ವ್ಯಕ್ತಿಚಿತ್ರ ಬರೆದರು. ಕನ್ನಡದ ವಾಸನೆಯ ಮರಾಠಿಯಲ್ಲಿ, ಬೈಗುಳವಿಲ್ಲದೆ ವಾಕ್ಯ ಮುಗಿಸದ ದೊಡ್ಡ ಮನಸ್ಸಿನ ಮನುಷ್ಯ. ಬೆಳಗಾವಿಯನ್ನು ಕಣ್ಣಾರೆ ಕಾಣದ ಪುಣೆ ಮುಂಬೈಯವರು ಅವರಿಗಾಗಿ ನಕ್ಕಿದ್ದಾರೆ, ಅತ್ತಿದ್ದಾರೆ. ಆ ಓದುಗರಿಗೆ ರಾವಸಾಹೇಬ ಎಷ್ಟು ನಿಜವೋ ಅನ್ನಾ ಕರೆನಿನಾಳೂ ಅಷ್ಟೇ ನಿಜ. ಹೀಗೆ ಇದ್ದವನು, ಇದ್ದಿರಬಹುದಾದವನು, ಇಲ್ಲವೇ ಇಲ್ಲದವಳು ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಜನನ ಮರಣ ನೋಂದಣಿ ಕಚೇರಿ ಗೆರೆ ಎಳೆಯುವ ಜಾಗದಲ್ಲಿ ಮನಸ್ಸು ಗೆರೆ ಎಳೆಯುವುದಿಲ್ಲ.

ಈ ನಂಟಿಗೆ ಕಹಿಯೂ ಉಂಟು. ಇಲ್ಲದವರು ನಮ್ಮಿಂದ ಏನೂ ಕೇಳುವುದಿಲ್ಲ. ಅಷ್ಟಕ್ಕೇ ನಿಲ್ಲದೆ, ನಾವು ಅವರ ಹೆಸರಿನಲ್ಲಿ ಏನು ಮಾಡಿದರೂ ಬೇಡ ಅನ್ನುವುದಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸು ಪೀರನವಾಡಿ ದಾಟಿಯೇ ಹೋಗಬೇಕು. 2020ರ ಆಗಸ್ಟಿನಲ್ಲಿ ಅಲ್ಲಿ ರಾಯಣ್ಣನ ಪ್ರತಿಮೆ ನಿಂತಾಗ, ಇದು ಶಿವಾಜಿ ಚೌಕವೆಂದು ಜಗಳವಾಯಿತು, ಪೊಲೀಸರು ಬಂದರು. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅನಗೋಳದಲ್ಲಿ ರಾಯಣ್ಣನ ಪ್ರತಿಮೆಯನ್ನು ಕತ್ತಲಲ್ಲಿ ಭಗ್ನಗೊಳಿಸಿದರು. ಅದಕ್ಕೆ ಮುಂಚೆ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿದ್ದಿತ್ತು. ಜೀವಮಾನದಲ್ಲಿ ಒಬ್ಬರನ್ನೊಬ್ಬರು ಕಾಣದ ಇಬ್ಬರನ್ನು, ಅವರ ಕಥೆಯನ್ನು ಪೂರ್ತಿ ಕೇಳದ ಹುಡುಗರು ಎದುರುಬದುರು ನಿಲ್ಲಿಸಿದರು. ಊರಿಗೆ ಬೆಂಕಿ ಹಚ್ಚಲು ಕಥೆ ಗೊತ್ತಿರಬೇಕಾಗಿಲ್ಲ, ಹೆಸರು ಗೊತ್ತಿದ್ದರೆ ಸಾಕು. ಇದನ್ನು ಅಭಿಮಾನವೆಂದು ಕರೆಯಲು ನಾನು ಸಿದ್ಧನಿಲ್ಲ. ಹಚ್ಚಿಕೊಂಡವರು ತೊಟ್ಟಿಲು ಕಟ್ಟುತ್ತಾರೆ, ಕಲ್ಲು ಎಸೆಯುವುದಿಲ್ಲ.

ಇನ್ನೊಂದು ಆಕ್ಷೇಪ ನನ್ನನ್ನೇ ಚುಚ್ಚುವಂಥದ್ದು. ನಾಟಕದಲ್ಲಿ ಕಣ್ಣೀರಿಡುತ್ತಿದ್ದ ರಷ್ಯಾದ ಶ್ರೀಮಂತ ಹೆಂಗಸನ್ನೂ, ಹೊರಗೆ ಗಾಡಿಯ ಮೇಲೆ ಚಳಿಗೆ ಹೆಪ್ಪುಗಟ್ಟಿ ಸಾಯುತ್ತಿದ್ದ ಅವಳ ಗಾಡಿಯವನನ್ನೂ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಒಂದೇ ಚಿತ್ರದಲ್ಲಿ ತೋರಿಸಿದ್ದಾನೆ. ನಮ್ಮಲ್ಲಿಯೂ ಟಿವಿಯ ಸೊಸೆಗೆ ಅತ್ತು ಮನೆಯ ಸೊಸೆಗೆ ತಂಗಳು ಹಾಕುವವರಿದ್ದಾರೆ. ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಲ್ಲಿ ಒಮ್ಮೆ ನಾಟಕ ನೋಡಿ ಕಣ್ಣೊರೆಸಿಕೊಂಡು ಹೊರಬಂದ ನಾನು, ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದನೆಂದು ರಿಕ್ಷಾದವನ ಜೊತೆ ಕಾಲು ಗಂಟೆ ಹರಿಹಾಯ್ದಿದ್ದೇನೆ. ಕಥೆ ನಮ್ಮನ್ನು ಒಳ್ಳೆಯವರನ್ನಾಗಿ ಮಾಡುತ್ತದೆಂದು ಹೇಳುವ ಧೈರ್ಯ ಅಂದಿನಿಂದ ನನಗಿಲ್ಲ. ಆದರೆ ಇದನ್ನು ಕಥೆಯ ಮೇಲಿನ ದೂರೆಂದು ಬರೆದುಕೊಳ್ಳುವುದಾದರೆ ಸಾವಿನ ಮನೆಯ ಮೇಲೂ ಬರೆದುಕೊಳ್ಳಬೇಕಾಗುತ್ತದೆ. ಅಪ್ಪನ ಹೆಣದ ಮೇಲೆ ಬಿದ್ದು ಅತ್ತ ಅಣ್ಣತಮ್ಮಂದಿರು ದಿನಕರ್ಮ ಮುಗಿಯುವ ಮೊದಲೇ ಹೊಲದ ಉತಾರೆ ಹಿಡಿದು ಕೂತದ್ದನ್ನು ನೋಡದವರು ಯಾರಿದ್ದಾರೆ? ಆ ಕಣ್ಣೀರು ಸುಳ್ಳಾಗಿರಲಿಲ್ಲ. ಆ ಉತಾರೆಯೂ ಸುಳ್ಳಲ್ಲ.

ಕಳೆದ ತಿಂಗಳು ಮತ್ತೆ ಟಿಳಕವಾಡಿಗೆ ಹೋಗಿದ್ದೆ. ಧಾರಾವಾಹಿಯ ಆ ಸೊಸೆಯ ಪಾತ್ರಕ್ಕೆ ಈಗ ಬೇರೆ ನಟಿ ಬಂದಿದ್ದಾಳೆ. ಮೊದಲ ಎರಡು ದಿನ ಆಯಿ ಹೊಸಬಳನ್ನು ಬೈದರಂತೆ. ಮೂಗು ಸರಿಯಿಲ್ಲ, ನಡಿಗೆ ಸರಿಯಿಲ್ಲ ಎಂದು. ನಾನು ಹೋದದ್ದು ಎರಡನೆಯ ವಾರದಲ್ಲಿ. ಆಯಿ ಸೆರಗು ಕೈಯಲ್ಲಿ ಹಿಡಿದೇ ಕೂತಿದ್ದರು. ಮೊಮ್ಮಗ ಬಿಡಲಿಲ್ಲ: "ಆಯಿ, ಇಕಿ ಅಕಿ ಅಲ್ಲ. ಇಕಿ ಬ್ಯಾರೆ ಹುಡುಗಿ."

ಆಯಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಸುಮ್ಮ ಕೂಡೋ, ಅಕಿ ಅತ್ತಿ ಬಂದ್ಲು."