ಕುದಿದ ಇಂಜಿನ್: ಬಿಚ್ಚಿಸಬೇಕೋ, ಬದಲಿಸಬೇಕೋ?

ಮೇ ತಿಂಗಳು ಬಂತೆಂದರೆ ಅಹಮದಾಬಾದ್, ವಡೋದರಾ, ಸೂರತ್‌ಗಳ ಕನ್ನಡ ಕುಟುಂಬಗಳು ಕಾರು ಹತ್ತಿ ಊರಿನ ದಾರಿ ಹಿಡಿಯುವ ಕಾಲ. ಅಹಮದಾಬಾದಿನ ನವರಂಗಪುರದ ಸಿಗ್ನಲ್ಲುಗಳಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳು ಕಾಣುವ ಕಾಲವೂ ಅದೇ. ಹಾಗೆ ನಿಂತ ಗಾಡಿಯ ಇಂಜಿನ್ ರಿಪೇರಿ ಮಾಡಿಸುವುದೇ ಸರಿಯೇ? ಇಬ್ಬರ ಉತ್ತರ ಇಲ್ಲಿದೆ.

ಪರ: ಮೊದಲು ಹೆಡ್ ಬಿಚ್ಚಿ, ಆಮೇಲೆ ಮಾತಾಡಿ
(ಹುಬ್ಬಳ್ಳಿ ಮೂಲದವರು, ಅಹಮದಾಬಾದಿನಲ್ಲಿ ಲೇತ್ ವರ್ಕ್‌ಶಾಪ್)

ಟೋ ಮಾಡಿಸಿಕೊಂಡು ಹೋದ ಗಾಡಿಯ ಡಿಪ್‌ಸ್ಟಿಕ್ ಎಳೆದು ನೋಡಿ ಗ್ಯಾರೇಜಿನವರು, "ಸರ್, ಇಂಜಿನ್ ಹೋಯ್ತು, ಹೊಸದೇ ಹಾಕಿಸಿ" ಎನ್ನುತ್ತಾರೆ. ಒಂದು ಬೋಲ್ಟ್ ಕೂಡ ಬಿಚ್ಚದೆ ಕೊಟ್ಟ ಈ ತೀರ್ಪಿಗೆ ತಲೆಬಾಗಿ ಹಣ ಕಟ್ಟುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆಂದರೆ ಇದೇ.

ಬಿಸಿ ಮಿತಿ ಮೀರಿದಾಗ ಮೊದಲು ಸೋಲುವುದು ಸಿಲಿಂಡರುಗಳನ್ನು ಮುಚ್ಚುವ ಹೆಡ್. ಅದು ಅಲ್ಯುಮಿನಿಯಂ, ಎಷ್ಟೋ ಗಾಡಿಗಳಲ್ಲಿ ಕೆಳಗಿನ ಬ್ಲಾಕ್ ಬೀಡು. ಕಾದಾಗ ಅಲ್ಯುಮಿನಿಯಂ ಬೀಡಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿದು ಹಿಡಿದಿರುವುದರಿಂದ ಹಿಗ್ಗಲು ಜಾಗ ಸಿಗದೆ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಕೂಲಂಟ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ಗೆ ಮೆತ್ತಿದ ಮಾಸಲು ನೊರೆ ಗ್ಯಾಸ್ಕೆಟ್ ಹೋದದ್ದಕ್ಕೆ ಸಾಕ್ಷಿ, ಇಂಜಿನ್ ಸತ್ತದ್ದಕ್ಕಲ್ಲ.

ಸತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ಅಳತೆ. ಹೆಡ್ಡಿನ ತಳ ಒರೆಸಿ, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅದರಡಿ ಫೀಲರ್ ಗೇಜ್ ತೂರಿಸಿ ನೋಡಿ. ಅನೇಕ ಸಣ್ಣ ಪೆಟ್ರೋಲ್ ಇಂಜಿನ್‌ಗಳಿಗೆ ಕಂಪನಿ ಕೊಟ್ಟ ಮಿತಿ 0.05 ಮಿ.ಮೀ. ಅಷ್ಟು ದಪ್ಪದ ಎಲೆ ನುಸುಳಿದರೆ ಫೇಸಿಂಗ್ ಮಾಡಿಸಿ ತಳವನ್ನು ಸಮ ಮಾಡಿಸಿ, ಸೀಳಿದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿ. ಫೇಸಿಂಗ್‌ಗೂ ಬಗ್ಗದಷ್ಟು ಬಾಗಿದ್ದರೆ ಹೆಡ್ ಬದಲಿಸಿ; ಹೆಡ್ ಮಾತ್ರ. ಬ್ಲಾಕಿನ ಮೇಲ್ಮೈಗೂ ಇದೇ ಪರೀಕ್ಷೆ. ಹೊಸ ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್ ಹಾಕಿ, ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಟಾರ್ಕ್ ಕೊಟ್ಟರೆ ಕೆಲಸ ಮುಗಿಯಿತು. ಇಲ್ಲಿ ಸಿಎನ್‌ಜಿ ಗಾಡಿಗಳೂ ಸಾಕಷ್ಟಿವೆ. ಒಣ ಇಂಧನಕ್ಕೆ ವಾಲ್ವ್ ಸೀಟು ಬೇಗ ಸವೆಯುತ್ತದೆ; ಹೆಡ್ ಹೇಗೂ ಕೈಗೆ ಬಂದಿರುವಾಗ ಅದನ್ನೂ ಸರಿಮಾಡಿಸಬಹುದು.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಇಂಜಿನ್ ಏಟು ತಿಂದದ್ದು, ಏಟು ಕೊಟ್ಟದ್ದಲ್ಲ. ಕೊಟ್ಟವರು ಸುತ್ತಲೂ ಇದ್ದಾರೆ: ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಸೋರುವ ವಾಟರ್ ಪಂಪ್, ತೆರೆಯದ ಥರ್ಮೋಸ್ಟಾಟ್. ಬಿಸಿಲನ್ನು ದೂರಬೇಡಿ. 2016ರ ಮೇ 20ರಂದು ಅಹಮದಾಬಾದ್ 48 ಡಿಗ್ರಿ ಮುಟ್ಟಿತ್ತು. ಅಂದೂ ಊರಿನ ಗಾಡಿಗಳು ಓಡಿದವು. ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿದರೆ ರೇಡಿಯೇಟರ್ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಒತ್ತಡ ಹಿಡಿಯಬೇಕಾದ ಕ್ಯಾಪಿನ ರಬ್ಬರ್ ಸವೆದರೆ ನೀರು ಬೇಗ ಕುದಿಯುತ್ತದೆ. ಇದನ್ನೆಲ್ಲ ಹಾಗೇ ಬಿಟ್ಟು ಹೊಸ ಇಂಜಿನ್ ಕೂರಿಸಿದರೆ ಅದೂ ಕುದಿಯುತ್ತದೆ. ಬದಲಿಸಿ ಎನ್ನುವವರಲ್ಲಿ ಕಾರಣ ಹುಡುಕುವ ತಾಳ್ಮೆ ಎಷ್ಟು ಜನಕ್ಕಿದೆ?

ಬೋರ್ ಗೀರಿದ್ದರೆ, ಪಿಸ್ಟನ್ ಹಿಡಿದಿದ್ದರೆ ಏನು ಎಂದು ಕೇಳುತ್ತೀರಿ. ಟೆಂಪರೇಚರ್ ಮೀಟರಿನ ಮುಳ್ಳು ಕೆಂಪಿಗೆ ಹೋದ ಮೇಲೂ "ಮನೆ ಇಲ್ಲೇ ಇದೆ" ಎಂದು ಓಡಿಸಿದ ಗಾಡಿಗೆ ಮಾತ್ರ ಆ ಗತಿ. ಹಾಗೆ ಓಡಿಸುವವರೇ ಹೆಚ್ಚೆನ್ನುವುದು ನಿಜ. ಆದರೆ ಅದಕ್ಕೆ ರಿಪೇರಿಯನ್ನು ದೂರಿ ಫಲವೇನು?

ವಿರೋಧ: ಬದಲಿಸುವುದಕ್ಕೂ ಕಾರಣಗಳಿವೆ
(ಧಾರವಾಡ ಮೂಲದವರು, ನವರಂಗಪುರ ನಿವಾಸಿ, ಬ್ಯಾಂಕ್ ಉದ್ಯೋಗಿ)

ಬದಲಿಯ ಪರವಾಗಿ ಬರೆಯಬೇಕೆಂದು ಕೇಳಿದ್ದಾರೆ. ವಾದಗಳು ಹೀಗಿವೆ.

ಒಂದು, ಬಿಸಿಯ ಪೆಟ್ಟು ಹೆಡ್ಡಿಗೆ ಮಾತ್ರ ಬೀಳುವುದಿಲ್ಲ. ಪಿಸ್ಟನ್ ರಿಂಗ್‌ಗಳು ಬಿಗಿ ಕಳೆದುಕೊಳ್ಳುತ್ತವೆ, ತೆಳುವಾದ ಆಯಿಲ್‌ನಿಂದ ಬೇರಿಂಗ್ ಸವೆಯುತ್ತದೆ, ಅತಿಯಾಗಿ ಕಾದ ಅಲ್ಯುಮಿನಿಯಂ ಮೆತ್ತಗಾಗುತ್ತದೆ. ಇವು ನೇರಪಟ್ಟಿಗೆ ಸಿಗುವ ದೋಷಗಳಲ್ಲ. ಫೇಸಿಂಗ್ ಆಗಿ ಕೆಲವು ತಿಂಗಳ ಮೇಲೆ ಗಾಡಿ ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ. ಆಗ ಮತ್ತೆ ಇಂಜಿನ್ ಇಳಿಸಬೇಕು, ಮತ್ತೆ ಲೇಬರ್ ಕೊಡಬೇಕು.

ಎರಡು, ಮೇಲಿನವರು ಹೇಳಿದ ಕ್ರಮದಲ್ಲೇ ಕೆಲಸ ಮಾಡುವ ಗ್ಯಾರೇಜು ಎಲ್ಲರಿಗೂ ಸಿಗುವುದಿಲ್ಲ. ಟಾರ್ಕ್ ರೆಂಚ್ ಗೋಡೆಗೆ ತೂಗುಹಾಕಿ ಅಂದಾಜಿನಲ್ಲಿ ಬಿಗಿಯುವವರಿದ್ದಾರೆ. ಕಂಪನಿಯ ಹೊಸ ಅಸೆಂಬ್ಲಿಗೆ ಕಾಗದದ ಮೇಲೆ ವಾರಂಟಿ ಇರುತ್ತದೆ. ಸಣ್ಣ ಅಂಗಡಿಯ ಗ್ಯಾರಂಟಿ ಬಾಯಿಮಾತು.

ಮೂರು, ದೂರದ ಪ್ರಯಾಣ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸೂರತ್, ಮುಂಬೈ, ಪುಣೆ ದಾಟಿ ಬೆಳಗಾವಿಯತ್ತ ಹೋಗುವಾಗ ಸಾತಾರಾಕ್ಕೆ ಮೊದಲು ಖಂಬಾಟ್ಕಿ ಘಾಟ್ ಸಿಗುತ್ತದೆ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು, ಅಜ್ಜಿ ಮಕ್ಕಳನ್ನು ಕೂರಿಸಿಕೊಂಡು ಏರುವಾಗ ಮುಳ್ಳಿನ ಮೇಲೆ ಕಣ್ಣಿಟ್ಟು ಕೂರುವ ಸಂಕಟಕ್ಕೆ ಬೆಲೆ ಕಟ್ಟಲಾಗದು. ಕೂಲಂಟ್ ಪೂರ್ತಿ ಸೋರಿಹೋದರೆ ಸೆನ್ಸರ್‌ಗೆ ನೀರು ತಾಗದೆ ಮುಳ್ಳು ಕೆಳಗಿಳಿಯುವುದೂ ಉಂಟು. ಹಾಗಾಗಿ ಮುಳ್ಳನ್ನೂ ಪೂರ್ತಿ ನಂಬುವಂತಿಲ್ಲ. ಇದು ಹೊಸ ಇಂಜಿನ್ನಿಗೂ ಅನ್ವಯಿಸುತ್ತದೆ ಎಂದು ಓದುಗರು ಹೇಳಬಹುದು, ಒಪ್ಪುತ್ತೇನೆ.

ನಾಲ್ಕು, ವಿಮೆ. ಸಾಮಾನ್ಯ ಪಾಲಿಸಿಯಲ್ಲಿ ಮೆಕ್ಯಾನಿಕಲ್ ಬ್ರೇಕ್‌ಡೌನ್‌ಗೆ ಹಣ ಬರುವುದಿಲ್ಲ. ರಿಪೇರಿಯಾದರೂ ಬದಲಿಯಾದರೂ ಖರ್ಚು ನಮ್ಮದೇ ಆದ್ದರಿಂದ ಈ ಅಂಶ ಯಾರ ಪರವೂ ಅಲ್ಲ.

ಐದು, ಕಾಗದಪತ್ರ. ಇದು ನನ್ನ ಪಕ್ಷಕ್ಕೆ ತೊಡಕು. ಇಂಜಿನ್ ಬದಲಾದರೆ ನಂಬರೂ ಬದಲಾಗುತ್ತದೆ. ಅದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಏರಿಸಬೇಕು. ಇನ್ನೂ ಕೆಎ ನಂಬರಿನಲ್ಲೇ ಓಡಿಸುತ್ತಿರುವವರು 12 ತಿಂಗಳು ಮೀರಿದ ಮೇಲೆ ಹೇಗೂ ಇಲ್ಲಿಯ ನೋಂದಣಿ ಮಾಡಿಸಬೇಕು. ಆ ತಪಾಸಣೆಯಲ್ಲಿ ನಂಬರ್ ತಾಳೆಯಾಗದಿದ್ದರೆ ಅಲೆದಾಟ ತಪ್ಪಿದ್ದಲ್ಲ.

ಆರು, ಗಾಡಿ ತೀರಾ ಹಳೆಯದಾಗಿದ್ದರೆ ಎರಡೂ ಬೇಡ. 2021ರ ಆಗಸ್ಟ್ 13ರಂದು ಗುಜರಾತಿನ ಹೂಡಿಕೆದಾರರ ಸಮಾವೇಶದಲ್ಲೇ ಪ್ರಧಾನಿ ಚಾಲನೆ ಕೊಟ್ಟ ವಾಹನ ಗುಜರಿ ನೀತಿಯಡಿ, ಸ್ಕ್ರ್ಯಾಪ್ ಪ್ರಮಾಣಪತ್ರ ತೋರಿಸಿ ಕೊಳ್ಳುವ ಹೊಸ ಖಾಸಗಿ ಕಾರಿನ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಅವಕಾಶವಿದೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಹಾಕಿಸುವವರಿಗೆ ಒಂದು ಎಚ್ಚರಿಕೆ: ಅದು ಇನ್ಯಾರದೋ ಗಾಡಿಯಲ್ಲಿ ಕುದಿದದ್ದೇ ಇರಬಹುದು. ಕಂಪ್ರೆಷನ್ ಅಳೆಯದೆ ಕೊಳ್ಳಬೇಡಿ.

ಒಟ್ಟಿನಲ್ಲಿ ನನ್ನ ಸಲಹೆ ಇಷ್ಟು: ಬೋರ್ ಗೀರಿದ್ದರೆ, ಬ್ಲಾಕ್ ಸೀಳಿದ್ದರೆ ಮರುಮಾತಿಲ್ಲದೆ ಇಂಜಿನ್ ಬದಲಿಸಿ. ಗೀರಿದೆಯೇ ಎಂದು ಖಚಿತವಾಗಲು ಹೆಡ್ ಬಿಚ್ಚಿಸಬೇಕು ತಾನೆ ಎಂದರೆ, ಹೌದು, ಬಿಚ್ಚಿಸಲೇಬೇಕು.