ಒಂದು ಗಿಡಕ್ಕೆ ಒಂದೇ ಹೂವು

ಮುಂಗಾರಿಗೆ ಮುಂಚಿನ ಮಳೆಗೆ ಬಿತ್ತಿದ ಸೂರ್ಯಕಾಂತಿ ಆಷಾಢ, ಶ್ರಾವಣಗಳ ಹೊತ್ತಿಗೆ ಗುಂಡ್ಲುಪೇಟೆಯ ಸುತ್ತಮುತ್ತ ಅರಳಿ ನಿಲ್ಲುತ್ತದೆ. ಮೈಸೂರಿನಿಂದ ಊಟಿಗೆ, ವಯನಾಡಿಗೆ ಹೋಗುವ ರಸ್ತೆಯ ಇಕ್ಕೆಲಗಳಲ್ಲಿ ಕಣ್ಣು ಹಾಯುವಷ್ಟು ದೂರ ಹೊಂಬಣ್ಣ ಹರಡಿಕೊಳ್ಳುತ್ತದೆ. ವಾರದ ಕೊನೆಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಕೇರಳದಿಂದ, ಬೆಂಗಳೂರಿನಿಂದ, ಮೈಸೂರಿನಿಂದ ಮಕ್ಕಳು ಮರಿಗಳೊಂದಿಗೆ ಬಂದವರು ಹೊಲದ ಬದುವಿನಲ್ಲಿ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಲವು ರೈತರು ಒಳಗೆ ಬಿಡಲು ಸಣ್ಣದೊಂದು ಶುಲ್ಕವನ್ನೂ ಇಟ್ಟುಕೊಂಡಿದ್ದಾರೆ. ದಿನವಿಡೀ ಗೋಡೆಗಳ ನಡುವೆ ಇರುವ ನಗರದ ಮಗುವಿಗೆ ತನ್ನ ಎತ್ತರವನ್ನೂ ಮೀರಿ ನಿಂತ ಹೂವನ್ನು ನೋಡುವುದು ಸಣ್ಣ ಸಂತೋಷವಲ್ಲ.

ಆದರೆ ಇದೇ ತಿಂಗಳುಗಳಿಗೆ ಜೈನ ಪರಂಪರೆಯಲ್ಲಿ ಇನ್ನೊಂದು ಮುಖವಿದೆ. ಆಷಾಢದಲ್ಲಿ ದಿಗಂಬರ ಮುನಿಗಳು ವರ್ಷಾಯೋಗವನ್ನು ಸ್ಥಾಪಿಸಿ, ದೀಪಾವಳಿಯ ಹೊತ್ತಿನವರೆಗೆ ಒಂದೇ ಊರಿನಲ್ಲಿ ನೆಲೆಸುತ್ತಾರೆ. ವರ್ಷದ ಉಳಿದ ಕಾಲವೆಲ್ಲ ಬರಿಗಾಲಿನಲ್ಲಿ ವಿಹರಿಸುವವರು ಈಗ ನಡಿಗೆಯನ್ನೇ ನಿಲ್ಲಿಸುತ್ತಾರೆ. ಮಳೆ ಬಿದ್ದ ನೆಲದಲ್ಲಿ ಮೊಳಕೆಗಳು ಏಳುತ್ತವೆ, ಹುಳುಗಳು ಹರಿದಾಡುತ್ತವೆ. ಎಷ್ಟು ಎಚ್ಚರಿಕೆಯಿಂದ ಹೆಜ್ಜೆಯಿಟ್ಟರೂ ಕಾಲ ಕೆಳಗೆ ಜೀವವೊಂದು ಸಿಕ್ಕಿಬಿಡಬಹುದು ಎಂಬುದೇ ಇದಕ್ಕೆ ಕಾರಣ. ಹೀಗೆ ಯಾವ ಮಳೆಯು ಹೊಲವನ್ನು ಅರಳಿಸಿ ಗೃಹಸ್ಥನನ್ನು ಹೊರಗೆ ಕರೆಯುತ್ತದೆಯೋ, ಅದೇ ಮಳೆಯು ಮುನಿಯನ್ನು ಒಂದೆಡೆ ನಿಲ್ಲಿಸುತ್ತದೆ. ಈ ಎರಡರ ನಡುವೆ ನಿಂತ ಶ್ರಾವಕ ಕುಟುಂಬ ಹೂ ನೋಡಲು ಹೋಗಬೇಕೇ, ಬೇಡವೇ? ಹೋದರೆ ಹೇಗೆ ಹೋಗಬೇಕು?

ಉತ್ತರಕ್ಕೆ ಮೊದಲು, ಆ ಹೊಲದಲ್ಲಿ ಯಾರು ಯಾರು ಇದ್ದಾರೆ ಎಂಬುದನ್ನು ತಿಳಿಯಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಜೀವಗಳನ್ನು ಇಂದ್ರಿಯಗಳ ಎಣಿಕೆಯಿಂದ ವಿಂಗಡಿಸುತ್ತದೆ. ಮಣ್ಣು, ನೀರು, ಸಸ್ಯಗಳಂಥವು ಸ್ಪರ್ಶವೊಂದನ್ನೇ ಬಲ್ಲ ಏಕೇಂದ್ರಿಯಗಳು. ಅಲ್ಲಿಂದ ಮುಂದೆ ಒಂದೊಂದೇ ಇಂದ್ರಿಯ ಹೆಚ್ಚುತ್ತ ಹೋಗುವುದಕ್ಕೆ ಸೂತ್ರಕಾರರು ಆರಿಸಿಕೊಂಡ ಉದಾಹರಣೆಗಳು ಹುಳು, ಇರುವೆ, ದುಂಬಿ ಮತ್ತು ಮನುಷ್ಯ. ಸೂರ್ಯಕಾಂತಿಯ ಹೊಲವೊಂದರಲ್ಲಿ ಈ ಇಡೀ ಪಟ್ಟಿ ಕಣ್ಣೆದುರಿಗೇ ಇರುತ್ತದೆ. ಬೇರಿನ ಬಳಿ ಎರೆಹುಳು, ಕಾಂಡದ ಮೇಲೆ ಇರುವೆಯ ಸಾಲು, ಹೂವಿನ ಮೇಲೆ ಜೇನುನೊಣ, ಬದುವಿನಲ್ಲಿ ಕ್ಯಾಮೆರಾ ಹಿಡಿದ ಮನುಷ್ಯ. ಇವರಲ್ಲಿ ಕೊನೆಯವನೊಬ್ಬನೇ ಅಲ್ಲಿಗೆ ಅತಿಥಿ. ಉಳಿದವರೆಲ್ಲ ಅಲ್ಲಿಯ ನಿವಾಸಿಗಳು. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಬಳಿ ಕನಕಗಿರಿ ಎಂಬ ಪ್ರಾಚೀನ ಜೈನಕ್ಷೇತ್ರವಿದೆ. ತತ್ತ್ವಾರ್ಥಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದ ಆಚಾರ್ಯರ ನೆನಪನ್ನು ಪರಂಪರೆಯು ಆ ಬೆಟ್ಟದೊಂದಿಗೆ ಬೆಸೆದುಕೊಂಡು ಬಂದಿದೆ. ಹೂವಿನ ಹೊಲಗಳಿರುವ ಜಿಲ್ಲೆಯಲ್ಲೇ ಆ ನೆನಪೂ ಇದೆ ಎಂಬುದನ್ನು ಯಾತ್ರಿಕರು ಮರೆಯಬಾರದು.

ಇಂಥ ಹೊಲವೊಂದರ ಬದುವಿಗೆ ಬಂದ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ತಂದೆ, ತಾಯಿ, ಅಜ್ಜಿ, ಆರು ವರ್ಷದ ಮಗಳು. ಫೋಟೊ ಮುಗಿದ ಮೇಲೆ ಮಗು “ಅಪ್ಪಾ, ನನಗೊಂದು ಹೂವು ಬೇಕು” ಎನ್ನುತ್ತದೆ. ತಂದೆ ಸಹಜವಾಗಿಯೇ ಕೈ ಚಾಚಿ ಕಾಂಡವನ್ನು ಬಗ್ಗಿಸುತ್ತಾನೆ. ಅಷ್ಟರಲ್ಲಿ ಹೊಲದ ಒಡತಿ ದೂರದಿಂದಲೇ ಕೂಗುತ್ತಾಳೆ: “ಕೀಳಬೇಡಿ ಸ್ವಾಮಿ, ಒಂದು ಗಿಡಕ್ಕೆ ಒಂದೇ ಹೂವು.”

ಆ ಹೆಣ್ಣುಮಗಳು ಹೇಳಿದ್ದು ಬೇಸಾಯದ ಮಾತು. ಮಲ್ಲಿಗೆಯ ಬಳ್ಳಿಯಿಂದ ಹೂ ಬಿಡಿಸಿದರೆ ನಾಳೆ ಇನ್ನೊಂದು ಮೊಗ್ಗು ಬಿರಿಯುತ್ತದೆ. ದಾಸವಾಳದ ಗಿಡ ವರ್ಷವಿಡೀ ಕೊಡುತ್ತದೆ. ಎಣ್ಣೆಗಾಗಿ ಬೆಳೆಯುವ ಸೂರ್ಯಕಾಂತಿ ಹಾಗಲ್ಲ. ಒಂದು ಕಾಂಡ, ಅದರ ತುದಿಗೆ ಒಂದು ತೆನೆ. ಮೂರು ತಿಂಗಳ ಅದರ ಬಾಳಿನಲ್ಲಿ ಅರಳುವುದು ಒಮ್ಮೆ ಮಾತ್ರ. ದೂರದಿಂದ ಒಂದೇ ಹೂವಾಗಿ ಕಾಣುವುದು ವಾಸ್ತವವಾಗಿ ನೂರಾರು ಕಿರುಹೂಗಳ ಗೊಂಚಲು. ಅವು ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಹಲವು ದಿನ ಅರಳುತ್ತ ಹೋಗುತ್ತವೆ. ಜೇನುನೊಣ ಪರಾಗವನ್ನು ಮುಟ್ಟಿಸಿದ ಮೇಲೆ ಒಂದೊಂದು ಕಿರುಹೂವೂ ಒಂದೊಂದು ಬೀಜವಾಗಬೇಕು. ಮಗುವಿನ ಕೈಗೆ ಹೂವು ಬಂದರೆ ಈ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಕಿತ್ತದ್ದು ಹೂವನ್ನಲ್ಲ, ಆ ಗಿಡದ ಇಡೀ ವರ್ಷದ ಫಸಲನ್ನು.

ಆ ಮಾತನ್ನು ಕೇಳಿದ ಅಜ್ಜಿಗೆ ಶಾಸ್ತ್ರದ ಕಥೆಯೊಂದು ನೆನಪಾದರೆ ಅಚ್ಚರಿಯಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಲೇಶ್ಯೆಗಳನ್ನು ವಿವರಿಸಲು ಬಳಸಿದ ಆ ದೃಷ್ಟಾಂತ ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿಯೂ ಕಾಣುತ್ತದೆ. ಕಾಡಿನಲ್ಲಿ ದಾರಿ ತಪ್ಪಿದ ಆರು ಜನ ಪಥಿಕರು ಹಣ್ಣು ತುಂಬಿದ ಮರವೊಂದನ್ನು ಕಾಣುತ್ತಾರೆ. ಹಸಿವು ಎಲ್ಲರಿಗೂ ಒಂದೇ. ಆದರೆ ಒಬ್ಬನಿಗೆ ಮರವನ್ನು ಬೇರುಸಹಿತ ಕೆಡವಬೇಕೆನಿಸುತ್ತದೆ, ಇನ್ನೊಬ್ಬನಿಗೆ ಬೊಡ್ಡೆಯನ್ನು, ಮೂರನೆಯವನಿಗೆ ದೊಡ್ಡ ಕೊಂಬೆಗಳನ್ನು, ನಾಲ್ಕನೆಯವನಿಗೆ ಸಣ್ಣ ರೆಂಬೆಗಳನ್ನು ಕಡಿಯಬೇಕೆನಿಸುತ್ತದೆ. ಐದನೆಯವನು ಹಣ್ಣನ್ನಷ್ಟೇ ಕೀಳಬಯಸುತ್ತಾನೆ. ಆರನೆಯವನು ನೆಲಕ್ಕೆ ಬಿದ್ದ ಹಣ್ಣುಗಳೇ ಸಾಕು ಎನ್ನುತ್ತಾನೆ. ಕೃಷ್ಣಲೇಶ್ಯೆಯಿಂದ ಶುಕ್ಲಲೇಶ್ಯೆಯವರೆಗಿನ ಆರು ಭಾವಗಳು ಇವು. ಬಯಸಿದ ವಸ್ತು ಒಂದೇ ಆಗಿದ್ದರೂ, ಅದನ್ನು ಪಡೆಯಲು ಎಷ್ಟನ್ನು ಹಾಳುಮಾಡಲು ಮನಸ್ಸು ಸಿದ್ಧವಾಗಿದೆ ಎಂಬುದರ ಮೇಲೆ ಆತ್ಮದ ಬಣ್ಣ ನಿಂತಿದೆ.

ಸೂರ್ಯಕಾಂತಿಯ ಹೊಲಕ್ಕೆ ಬಂದವನು ತಾನು ಐದನೆಯ ಪಥಿಕನೆಂದು ತಿಳಿದಿರುತ್ತಾನೆ: ಹೂವನ್ನಷ್ಟೇ ಕಿತ್ತೆ, ಗಿಡಕ್ಕೇನೂ ಮಾಡಲಿಲ್ಲ ಎಂದು. ಗಿಡದ ಸ್ವಭಾವವನ್ನು ಅರಿತಾಗ ಗೊತ್ತಾಗುತ್ತದೆ, ಅವನು ನಿಂತಿರುವುದು ಮೊದಲನೆಯವನ ಸಾಲಿನಲ್ಲಿ. ಇಲ್ಲಿ ಹೂವನ್ನು ಕೀಳುವುದಕ್ಕೂ ಗಿಡವನ್ನು ಕೆಡವುವುದಕ್ಕೂ ಅಂತರವಿಲ್ಲ. ಆದ್ದರಿಂದಲೇ ಜೈನ ಧರ್ಮವು ದಯೆಯ ಜೊತೆಗೆ ಜ್ಞಾನವನ್ನೂ ಕೇಳುತ್ತದೆ. ಜೀವದ ಸ್ವರೂಪವನ್ನು ತಿಳಿಯದವನಿಗೆ ಅಹಿಂಸೆಯನ್ನು ಪಾಲಿಸುವ ಬಗೆಯೂ ತಿಳಿಯುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ರೈತನೂ ಕೆಲವು ವಾರಗಳ ನಂತರ ಇದೇ ತೆನೆಯನ್ನು ಕೊಯ್ಯುವುದಿಲ್ಲವೇ? ಕೊಯ್ಯುತ್ತಾನೆ. ಆದರೆ ಶಾಸ್ತ್ರವು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಆದಿ ತೀರ್ಥಂಕರ ಋಷಭದೇವನು ಜನರಿಗೆ ಬೋಧಿಸಿದ ಆರು ಜೀವನೋಪಾಯಗಳಲ್ಲಿ ಕೃಷಿಯೂ ಒಂದು. ಉತ್ತು ಬಿತ್ತಿ ಬೆಳೆದು ಬದುಕುವವನಿಂದ ಆಗುವುದು ಉದ್ಯೋಗೀ ಹಿಂಸೆ. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರ, ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬಲ್ಲ. ಅರ್ಧ ಗಂಟೆ ಕೈಯಲ್ಲಿ ಹಿಡಿದು, ಬಾಡಿದ ಮೇಲೆ ಕಾರಿನ ಕಿಟಕಿಯಿಂದ ಎಸೆಯಲೆಂದು ಕಿತ್ತ ಹೂವಿಗೆ ಅಂಥ ಯಾವ ಪ್ರಯೋಜನವೂ ಇಲ್ಲ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಮರಗಳನ್ನು ಮುರಿಯುವುದು ಇವನ್ನೆಲ್ಲ ಆಚಾರ್ಯರು ‘ಪ್ರಮಾದಚರ್ಯೆ’ ಎಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅದರಿಂದ ದೂರವಿರುವುದು ಶ್ರಾವಕನ ಗುಣವ್ರತಗಳಲ್ಲೊಂದು. ಒಡೆಯನ ಒಪ್ಪಿಗೆಯಿಲ್ಲದೆ ಕಿತ್ತರೆ ಅಚೌರ್ಯಾಣುವ್ರತಕ್ಕೂ ಧಕ್ಕೆ. ಕೊಟ್ಟ ಶುಲ್ಕ ನೋಡುವುದಕ್ಕೆ ಸಂದದ್ದೇ ಹೊರತು ತೆನೆಗೆ ಸಂದ ಬೆಲೆಯಲ್ಲ.

ಹಾಗಾದರೆ ಹೋಗದಿರುವುದೇ ಲೇಸು ಎಂದು ಹಿರಿಯರು ಹೇಳುವುದುಂಟು. ಚಾತುರ್ಮಾಸದಲ್ಲಿ ಗೃಹಸ್ಥನೂ ತನ್ನ ಓಡಾಟಕ್ಕೆ ಮಿತಿ ಹಾಕಿಕೊಳ್ಳಬೇಕೆಂಬ ಅವರ ಮಾತಿನಲ್ಲಿ ಹುರುಳಿದೆ. ಕಣ್ಣಿನ ಚಪಲಕ್ಕಾಗಿ ವಾರವಾರವೂ ಊರೂರು ಅಲೆಯುವುದು ಸಂಯಮವಲ್ಲ. ಆದರೂ ಮಕ್ಕಳನ್ನು ಹೊಲದಿಂದ ಸಂಪೂರ್ಣವಾಗಿ ದೂರವಿಟ್ಟು, ಏಕೇಂದ್ರಿಯ ಜೀವ, ತ್ರಸ ಜೀವ ಎಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದರೆ ಆ ಪದಗಳು ಅವರ ನಾಲಿಗೆಯಲ್ಲಷ್ಟೇ ಉಳಿಯುತ್ತವೆ. ಕಾಂಡ ಬಗ್ಗಿಸಿದ ತಂದೆಯ ಕೈ ಹಿಂದಕ್ಕೆ ಬಂದುದನ್ನು ಒಮ್ಮೆ ನೋಡಿದ ಮಗು ಅಹಿಂಸಾಣುವ್ರತವನ್ನು ಬೇಗನೆ ಮರೆಯುವುದಿಲ್ಲ. ಹೋಗುವುದರಲ್ಲಿ ದೋಷವಿಲ್ಲ, ದೋಷವಿರುವುದು ಪ್ರಮಾದದಲ್ಲಿ. ಕಷಾಯಕ್ಕೂ ಅಜಾಗರೂಕತೆಗೂ ವಶವಾದ ಮನಸ್ಸಿನಿಂದ ಪ್ರಾಣಕ್ಕೆ ಆಗುವ ಘಾತವೇ ಹಿಂಸೆ ಎಂಬುದು ಸೂತ್ರಕಾರರ ನಿಲುವು.

ಎಚ್ಚರದಿಂದ ಹೋಗುವ ಕ್ರಮ ಕಠಿಣವೇನಲ್ಲ. ಹೊಲದ ಒಡೆಯರನ್ನು ಮೊದಲು ಕೇಳಬೇಕು, ಅವರು ಹೇಳಿದ ಹಣವನ್ನು ಚೌಕಾಸಿಯಿಲ್ಲದೆ ಕೊಡಬೇಕು. ಸಾಲುಗಳ ನಡುವೆ ನುಗ್ಗದೆ ಬದುವಿನಲ್ಲೇ ನಿಲ್ಲಬೇಕು. ಮುನಿಗಳು ಈರ್ಯಾಸಮಿತಿಯಂತೆ ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯುತ್ತಾರೆ. ಮಕ್ಕಳಿಗೆ ಅದನ್ನೇ ಒಂದು ಆಟವಾಗಿ ಕಲಿಸಬಹುದು. ಮನೆಯಿಂದ ತಂದ ಬುತ್ತಿಯನ್ನು ಸೂರ್ಯಾಸ್ತಕ್ಕೆ ಮೊದಲೇ ಉಂಡು, ಎಲೆ, ಕಾಗದ, ಬಾಟಲಿಗಳನ್ನು ಮರಳಿ ಒಯ್ಯಬೇಕು. ಜೇನುನೊಣ ಕುಳಿತ ಹೂವಿನ ಬಳಿ ಗದ್ದಲ ಮಾಡಬಾರದು. ಆ ನೊಣದ ಕೆಲಸವನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುವುದೂ ಒಂದು ಸ್ವಾಧ್ಯಾಯವೇ. ಮುನಿಗಳ ಆಹಾರಚರ್ಯೆಗೆ ಭ್ರಾಮರೀವೃತ್ತಿ ಎಂಬ ಹೆಸರಿದೆ. ದುಂಬಿಯು ಹೂವನ್ನು ನೋಯಿಸದೆ ರಸವನ್ನು ಸ್ವೀಕರಿಸುವಂತೆ, ಮುನಿಯು ದಾತಾರನಿಗೆ ಭಾರವಾಗದೆ ಆಹಾರವನ್ನು ಸ್ವೀಕರಿಸಬೇಕೆಂಬುದು ಅದರ ಅರ್ಥ. ಸೂರ್ಯಕಾಂತಿಯಲ್ಲಿ ಜೇನುನೊಣವು ಹೂವನ್ನು ನೋಯಿಸದಿರುವುದಷ್ಟೇ ಅಲ್ಲ, ಬೀಜ ಕಟ್ಟಲು ನೆರವನ್ನೂ ನೀಡಿ ಹೋಗುತ್ತದೆ. ಅತಿಥಿಯಾಗಿ ಬಂದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಮಾದರಿ ಆ ಹೊಲದಲ್ಲಿ ಬೇರೆ ಸಿಗದು.

ಸೂರ್ಯಕಾಂತಿ ಸದಾ ಸೂರ್ಯನೊಂದಿಗೆ ತಿರುಗುತ್ತದೆ ಎಂಬುದು ರೂಢಿಯ ನಂಬಿಕೆ. ಹಾಗೆ ತಿರುಗುವುದು ಎಳೆಯ ಗಿಡ ಮಾತ್ರ. ಹೂವು ಬಲಿತಂತೆ ಆ ಚಲನೆ ನಿಂತು, ಅದು ಪೂರ್ವಕ್ಕೆ ಮುಖ ಮಾಡಿ ಸ್ಥಿರವಾಗುತ್ತದೆ. ಮುಂಜಾನೆಯ ಬಿಸಿಲಿಗೆ ಬೇಗನೆ ಬೆಚ್ಚಗಾಗುವುದರಿಂದ ಜೇನುನೊಣಗಳು ಅಂಥ ಹೂವಿಗೆ ಹೆಚ್ಚಾಗಿ ಬರುತ್ತವೆ. ಸಾಮಾಯಿಕಕ್ಕೆ ಪೂರ್ವಾಭಿಮುಖವಾಗಿ ಕುಳಿತುಕೊಳ್ಳುವ ಶ್ರಾವಕನಿಗೆ ಈ ನಿಲುವು ಪರಿಚಿತ. ಎಳೆತನದಲ್ಲಿ ಕಂಡದ್ದರ ಹಿಂದೆಲ್ಲ ತಿರುಗುವ ಮನಸ್ಸು ಪಕ್ವವಾದಾಗ ಒಂದೆಡೆ ನಿಲ್ಲುವುದನ್ನು ಕಲಿಯಬೇಕು.

ಹೂ ನೋಡಿ ಬಂದ ಕುಟುಂಬಗಳು ಅದೇ ಹೊಲಕ್ಕೆ ಮತ್ತೊಮ್ಮೆ ಹೋಗುವುದು ಅಪರೂಪ. ಹೋಗಬೇಕಾದದ್ದು ನಿಜವಾಗಿ ಆಗಲೇ. ಕೆಲವು ವಾರ ಕಳೆದರೆ ಹೊಂಬಣ್ಣ ಇರುವುದಿಲ್ಲ. ದಳಗಳು ಉದುರಿ, ಎಲೆಗಳು ಒಣಗಿ, ಹೊಲ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಒಂದು ಕಾರೂ ಅಲ್ಲಿ ನಿಲ್ಲುವುದಿಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದಾದ ಅನಿತ್ಯಭಾವನೆಯನ್ನು ಮಗುವಿಗೆ ತಿಳಿಸಲು ಬೇರೆ ಪಾಠ ಬೇಡ. ಆದರೆ ಅಲ್ಲಿ ಕಾಣುವುದು ಅಳಿವು ಮಾತ್ರವಲ್ಲ. ನೋಡುಗರಿಗೆ ಮುಗಿದುಹೋದ ಆ ಹೊಲದಲ್ಲಿ ರೈತನ ಪಾಲಿಗೆ ಫಲ ಕೂಡುತ್ತಿರುತ್ತದೆ. ಕಾಳು ತುಂಬಿದ ತೆನೆಗಳು ಭಾರಕ್ಕೆ ತಲೆ ಬಾಗಿಸಿ ನಿಂತಿರುತ್ತವೆ. ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗುವ ಹೊತ್ತಿಗೆ ಎಷ್ಟೋ ಹೊಲಗಳು ಇದೇ ಸ್ಥಿತಿಯಲ್ಲಿರುತ್ತವೆ. ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ್ದು, ಅಹಂಕಾರವನ್ನು ಬಿಟ್ಟು ಬಾಗುವುದರದ್ದು. ಬಸದಿಯಲ್ಲಿ ಅಂದು ಕೇಳುವ ಪ್ರವಚನದ ಅರ್ಥ ಆ ಬಾಗಿದ ತೆನೆಗಳನ್ನು ಕಂಡ ಮಗುವಿಗೆ ಸುಲಭವಾಗಿ ತಿಳಿಯುತ್ತದೆ.

ಪರ್ವದ ಕೊನೆಗೆ ಬರುವುದು ಕ್ಷಮಾವಣಿ. ಆ ದಿನ ಬಂಧುಮಿತ್ರರಲ್ಲಿ ಕ್ಷಮೆ ಕೇಳುವುದು ಎಲ್ಲರಿಗೂ ರೂಢಿ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಕಲ ಜೀವಗಳಲ್ಲಿಯೂ ಕ್ಷಮೆ ಬೇಡುವುದು ಪ್ರತಿಕ್ರಮಣದ ತಿರುಳು. ಎಷ್ಟೇ ಎಚ್ಚರದಿಂದ ನಡೆದರೂ ಬದುವಿನಲ್ಲಿ ಒಂದು ಹುಲ್ಲೆಸಳು, ಒಂದು ಇರುವೆ ಕಾಲಡಿಗೆ ಸಿಕ್ಕಿರಬಹುದು. ಹೂವಿನ ಹೊಲಕ್ಕೆ ಹೋಗಿ ಬಂದ ಕುಟುಂಬವು ಆ ಸಂಜೆ ಜೊತೆಯಾಗಿ ಕುಳಿತು ಅವುಗಳನ್ನು ನೆನೆದು ಕೈ ಮುಗಿದರೆ ಆ ಪ್ರವಾಸ ಸಾರ್ಥಕ. ಮಗುವಿನ ಕೈಯಲ್ಲಿ ಆಗ ಹೂವಿರುವುದಿಲ್ಲ. ಅದರ ಪಾಲಿನ ಹೂವು ಹೊಲದಲ್ಲೇ, ತನ್ನ ಗಿಡದಲ್ಲೇ, ಬೀಜ ಕಟ್ಟುತ್ತಿರುತ್ತದೆ.